ಮೈಟೋಕಾಂಡ್ರಿಯ ಸಂಶೋಧನೆ ಮತ್ತು ರೋಗಗಳು: ಒಂದು ದಿನದ ವೈಜ್ಞಾನಿಕ ಸಭೆಯಿಂದ ಜನಸಾಮಾನ್ಯರಿಗೆ ದೊರೆಯುವ ತಿಳಿವಳಿಕೆ

ಪೀಠಿಕೆ

ಮಾನವ ದೇಹದ ಜೀವಕೋಶಗಳೊಳಗೆ ಇದ್ದು, ಸೇವಿಸಿದ ಆಹಾರದಿಂದ ಶಕ್ತಿಯನ್ನು ಉತ್ಪಾದಿಸುವ ಸೂಕ್ಷ್ಮ ರಚನೆಗಳನ್ನು ಮೈಟೋಕಾಂಡ್ರಿಯ ಎಂದು ಕರೆಯಲಾಗುತ್ತದೆ. ಪ್ರೌಢಶಾಲೆಯ ವಿಜ್ಞಾನ ಪಠ್ಯದಲ್ಲಿ ಇವುಗಳನ್ನು ‘ಜೀವಕೋಶದ ಶಕ್ತಿಕೇಂದ್ರ’ ಎಂದು ಪರಿಚಯಿಸಲಾಗಿರುತ್ತದೆ. ಆದರೆ ಇವುಗಳ ಕಾರ್ಯದಲ್ಲಿ ಲೋಪ ಉಂಟಾದಾಗ ಗಂಭೀರ ಸ್ವರೂಪದ ರೋಗಗಳು ಬರುತ್ತವೆ ಎಂಬ ಸಂಗತಿ ಸಾರ್ವಜನಿಕರಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಮೈಟೋಕಾಂಡ್ರಿಯದ ರೋಗಗಳು ಒಟ್ಟಾರೆ ಸುಮಾರು 5,000 ಜನರಲ್ಲಿ ಒಬ್ಬರನ್ನು ಬಾಧಿಸುತ್ತವೆ ಎಂದು ಅಂದಾಜಿಸಲಾಗಿದೆ.

ಈ ವಿಷಯವನ್ನು ಕುರಿತು ಸಂಶೋಧನಾ ಸಂಸ್ಥೆಗಳು ಹಾಗೂ ವೈದ್ಯಕೀಯ ಸಂಸ್ಥೆಗಳು ದೇಶ ವಿದೇಶಗಳಲ್ಲಿ ಒಂದು ದಿನದ ವೈಜ್ಞಾನಿಕ ಸಭೆಗಳನ್ನು ಏರ್ಪಡಿಸುತ್ತಿವೆ. ಇಂತಹ ಸಭೆಗಳಲ್ಲಿ ಸಾಮಾನ್ಯವಾಗಿ ಚರ್ಚೆಗೆ ಬರುವ ವಿಷಯಗಳನ್ನು ಮತ್ತು ಅವುಗಳಿಂದ ರೋಗಿಗಳಿಗೆ ಹಾಗೂ ಕುಟುಂಬದವರಿಗೆ ಆಗುವ ಪ್ರಯೋಜನವನ್ನು ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಗೆ ವಿವರಿಸಲಾಗಿದೆ.

1. ಇಂತಹ ಸಭೆಯ ಅವಶ್ಯಕತೆ ಏನು?

ಉದಾಹರಣೆಗೆ ಒಂದು ಕುಟುಂಬವನ್ನು ಪರಿಗಣಿಸಬಹುದು. ಅಜ್ಜಿಗೆ ನಲವತ್ತು ವರ್ಷ ದಾಟುತ್ತಿದ್ದಂತೆ ಕಿವಿ ಕೇಳಿಸುವುದು ಕಡಿಮೆಯಾಯಿತು. ಆಕೆಯ ಮಗಳಿಗೆ, ಸ್ಥೂಲಕಾಯ ಇಲ್ಲದಿದ್ದರೂ, ಮೂವತ್ತೈದರ ವಯಸ್ಸಿನಲ್ಲಿಯೇ ಮಧುಮೇಹ ಕಾಣಿಸಿಕೊಂಡಿತು. ಆ ಮಗಳ ಅಣ್ಣನಿಗೆ ಸ್ವಲ್ಪ ದೂರ ನಡೆದರೂ ಕಾಲು ಸೋಲುತ್ತದೆ. ಮಗಳ ಮಗನಿಗೆ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಪಾರ್ಶ್ವವಾಯುವನ್ನು ಹೋಲುವ ಆಘಾತ ಉಂಟಾಗಿ, ಜೊತೆಗೆ ಮೂರ್ಛೆಯೂ ಬಂದಿತು. ಅಜ್ಜಿ ಕಿವಿ ವೈದ್ಯರಲ್ಲಿಗೆ, ಮಗಳು ಮಧುಮೇಹ ತಜ್ಞರಲ್ಲಿಗೆ, ಅಣ್ಣ ಮೂಳೆ ತಜ್ಞರಲ್ಲಿಗೆ, ಮೊಮ್ಮಗ ನರರೋಗ ತಜ್ಞರಲ್ಲಿಗೆ ಹೋಗುತ್ತಾರೆ. ನಾಲ್ಕು ಆಸ್ಪತ್ರೆಗಳಲ್ಲಿ ನಾಲ್ಕು ಕಡತಗಳು ತೆರೆಯಲ್ಪಡುತ್ತವೆ. ನಾಲ್ಕನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡುವವರು ಇರುವುದಿಲ್ಲ.

ವಾಸ್ತವವಾಗಿ ಈ ನಾಲ್ಕೂ ತೊಂದರೆಗಳಿಗೆ ಒಂದೇ ಕಾರಣ ಇರಲು ಸಾಧ್ಯವಿದೆ. ಮೈಟೋಕಾಂಡ್ರಿಯದ ಡಿಎನ್ಎಯ 3243ನೆಯ ಸ್ಥಾನದಲ್ಲಿ ಆಗುವ ಒಂದೇ ಒಂದು ಅಕ್ಷರದ ಬದಲಾವಣೆಯು ಒಬ್ಬರಲ್ಲಿ ಕಿವುಡುತನವಾಗಿ, ಮತ್ತೊಬ್ಬರಲ್ಲಿ ಮಧುಮೇಹವಾಗಿ, ಇನ್ನೊಬ್ಬರಲ್ಲಿ ಮೆದುಳಿನ ಆಘಾತವಾಗಿ ತೋರಿಬರುತ್ತದೆ ಎಂಬುದು 1990ರ ದಶಕದ ಆರಂಭದಲ್ಲಿಯೇ ಸಾಬೀತಾಗಿದೆ. ರೋಗವು ಒಂದು ಅಂಗಕ್ಕೆ ಸೀಮಿತವಾಗದೆ ಇರುವುದರಿಂದ ಯಾವುದೇ ಒಂದು ವಿಭಾಗದ ತಜ್ಞರಿಗೆ ಅದರ ಪೂರ್ಣ ಚಿತ್ರ ದೊರೆಯುವುದು ಕಷ್ಟ. ಈ ಕಾರಣದಿಂದ ರೋಗನಿರ್ಣಯವು ಅನೇಕ ವೇಳೆ ವರ್ಷಗಟ್ಟಲೆ ತಡವಾಗುತ್ತದೆ. ಜೀವವಿಜ್ಞಾನಿಗಳು, ನರರೋಗ, ಮಕ್ಕಳ, ಕಣ್ಣು, ಕಿವಿ ಮತ್ತು ಹೃದಯ ತಜ್ಞರು, ತಳಿಶಾಸ್ತ್ರಜ್ಞರು ಹಾಗೂ ರೋಗಿಗಳ ಕುಟುಂಬದವರು ಒಂದೇ ದಿನ ಒಂದೇ ಸಭಾಂಗಣದಲ್ಲಿ ಸೇರುವುದರ ಮುಖ್ಯ ಉದ್ದೇಶ ಈ ಕೊರತೆಯನ್ನು ನೀಗಿಸುವುದೇ ಆಗಿದೆ.

2. ಬೆಳಗಿನ ಗೋಷ್ಠಿ: ಮೂಲ ವಿಜ್ಞಾನ

ಸಭೆಯ ಮೊದಲ ಭಾಗವು ಸಾಮಾನ್ಯವಾಗಿ ಮೈಟೋಕಾಂಡ್ರಿಯದ ರಚನೆ ಮತ್ತು ಕಾರ್ಯಕ್ಕೆ ಮೀಸಲಾಗಿರುತ್ತದೆ. ಮೈಟೋಕಾಂಡ್ರಿಯ ಎಂಬ ಹೆಸರನ್ನು ಜರ್ಮನಿಯ ಕಾರ್ಲ್ ಬೆಂಡಾ ಅವರು 1898ರಲ್ಲಿ ನೀಡಿದರು. ಗ್ರೀಕ್ ಭಾಷೆಯಲ್ಲಿ ‘ದಾರ’ ಮತ್ತು ‘ಕಣ’ ಎಂಬ ಅರ್ಥದ ಎರಡು ಪದಗಳಿಂದ ಈ ಹೆಸರು ಬಂದಿದೆ. ಮೈಟೋಕಾಂಡ್ರಿಯಕ್ಕೆ ಎರಡು ಪೊರೆಗಳಿದ್ದು, ಒಳಪೊರೆಯು ಮಡಿಕೆ ಮಡಿಕೆಯಾಗಿರುತ್ತದೆ. ಆಹಾರದಿಂದ ಬಂದ ಅಂಶಗಳು ಉಸಿರಾಟದಿಂದ ಬಂದ ಆಮ್ಲಜನಕದ ನೆರವಿನಿಂದ ಇಲ್ಲಿ ಹಂತ ಹಂತವಾಗಿ ಉತ್ಕರ್ಷಣಗೊಂಡು ಎಟಿಪಿ ಎಂಬ ರಾಸಾಯನಿಕವು ತಯಾರಾಗುತ್ತದೆ.

ಎಟಿಪಿಯನ್ನು ಜೀವಕೋಶದ ಚಲಾವಣೆಯ ನಾಣ್ಯಕ್ಕೆ ಹೋಲಿಸಲಾಗುತ್ತದೆ. ಕೂಡಿಡಲು ಬಾರದ, ಆಗಿಂದಾಗ್ಗೆ ಗಳಿಸಿ ಆಗಿಂದಾಗ್ಗೆ ಖರ್ಚು ಮಾಡಬೇಕಾದ ನಾಣ್ಯವಿದು. ವಯಸ್ಕ ವ್ಯಕ್ತಿಯ ದೇಹದಲ್ಲಿ ಒಂದು ದಿನದಲ್ಲಿ ತಯಾರಾಗಿ ಬಳಕೆಯಾಗುವ ಎಟಿಪಿಯ ಪ್ರಮಾಣವು ಹೆಚ್ಚು ಕಡಿಮೆ ಆ ವ್ಯಕ್ತಿಯ ದೇಹತೂಕದಷ್ಟು ಇರುತ್ತದೆಂದು ಅಂದಾಜಿಸಲಾಗಿದೆ. ಎಟಿಪಿ ತಯಾರಿಕೆಯ ತತ್ವವನ್ನು ವಿವರಿಸಿದ ಬ್ರಿಟನ್ನಿನ ಪೀಟರ್ ಮಿಚೆಲ್ ಅವರಿಗೆ 1978ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿದೆ.

ಕೆಂಪು ರಕ್ತಕಣಗಳನ್ನು ಹೊರತುಪಡಿಸಿ ದೇಹದ ಬಹುತೇಕ ಎಲ್ಲ ಜೀವಕೋಶಗಳಲ್ಲಿ ಮೈಟೋಕಾಂಡ್ರಿಯ ಇರುತ್ತದೆ. ಮೆದುಳು, ಹೃದಯ, ಸ್ನಾಯು, ಕಣ್ಣಿನ ನರ, ಒಳಗಿವಿ ಇವು ಅತಿ ಹೆಚ್ಚು ಶಕ್ತಿಯನ್ನು ಬೇಡುವ ಭಾಗಗಳು. ಶಕ್ತಿಯ ಉತ್ಪಾದನೆ ಕುಂದಿದಾಗ ಮೊದಲು ತೊಂದರೆಗೆ ಒಳಗಾಗುವುದೂ ಇವೇ ಭಾಗಗಳು.

3. ಮೈಟೋಕಾಂಡ್ರಿಯಕ್ಕೆ ತನ್ನದೇ ಆದ ವಂಶವಾಹಿಗಳು

ಜೀವಕೋಶದ ಡಿಎನ್ಎ ಬಹುಪಾಲು ಕೋಶಕೇಂದ್ರದಲ್ಲಿರುತ್ತದೆ. ಆದರೆ ಮೈಟೋಕಾಂಡ್ರಿಯದ ಒಳಗೂ ಪ್ರತ್ಯೇಕವಾದ ಸಣ್ಣ ಡಿಎನ್ಎ ಇರುವುದು 1963ರಲ್ಲಿ ಕಂಡುಬಂದಿತು. 1981ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನ ವಿಜ್ಞಾನಿಗಳು ಅದರ ಪೂರ್ಣ ಅಕ್ಷರಕ್ರಮವನ್ನು ಪ್ರಕಟಿಸಿದರು. ಉಂಗುರದ ಆಕಾರದ ಈ ಡಿಎನ್ಎಯಲ್ಲಿ ಸುಮಾರು 16,569 ಅಕ್ಷರ ಜೋಡಿಗಳೂ 37 ವಂಶವಾಹಿಗಳೂ ಇವೆ.

ಮೈಟೋಕಾಂಡ್ರಿಯದ ಕೆಲಸಕ್ಕೆ 1,100ಕ್ಕೂ ಹೆಚ್ಚು ಬಗೆಯ ಪ್ರೋಟೀನುಗಳು ಬೇಕು. ಅವುಗಳಲ್ಲಿ 13 ಪ್ರೋಟೀನುಗಳ ಮಾಹಿತಿ ಮಾತ್ರ ಮೈಟೋಕಾಂಡ್ರಿಯದ ಡಿಎನ್ಎಯಲ್ಲಿದ್ದು, ಉಳಿದವುಗಳ ಮಾಹಿತಿ ಕೋಶಕೇಂದ್ರದ ಡಿಎನ್ಎಯಲ್ಲಿದೆ. ಆದ್ದರಿಂದ ದೋಷವು ಈ ಎರಡರ ಪೈಕಿ ಯಾವುದರಲ್ಲಿ ಬೇಕಾದರೂ ಇರಬಹುದು. ಇದುವರೆಗೆ ರೋಗಕ್ಕೆ ಕಾರಣವೆಂದು ಗುರುತಿಸಲಾದ ವಂಶವಾಹಿಗಳ ಸಂಖ್ಯೆ 300ನ್ನು ಮೀರಿದೆ.

4. ರೋಗಗಳ ಇತಿಹಾಸ

ಮೈಟೋಕಾಂಡ್ರಿಯದ ದೋಷದಿಂದ ಮನುಷ್ಯರಿಗೆ ರೋಗ ಬರುತ್ತದೆ ಎಂಬುದನ್ನು ಮೊದಲು ತೋರಿಸಿದವರು ಸ್ವೀಡನ್ನಿನ ರೋಲ್ಫ್ ಲುಫ್ಟ್ ಮತ್ತು ಅವರ ಸಹೋದ್ಯೋಗಿಗಳು. 35 ವರ್ಷದ ಒಬ್ಬ ಮಹಿಳೆಗೆ ಬಾಲ್ಯದಿಂದಲೂ ವಿಪರೀತ ಬೆವರು, ಎಷ್ಟು ಉಂಡರೂ ತೂಕ ಏರದಿರುವಿಕೆ ಮತ್ತು ನಿಶ್ಶಕ್ತಿ ಇತ್ತು. ಥೈರಾಯ್ಡ್ ಗ್ರಂಥಿಯಲ್ಲಿ ದೋಷವಿರಲಿಲ್ಲ. ಆಕೆಯ ಸ್ನಾಯುವಿನ ಮೈಟೋಕಾಂಡ್ರಿಯವು ಆಹಾರದಿಂದ ಬಂದ ಶಕ್ತಿಯ ಹೆಚ್ಚಿನ ಭಾಗವನ್ನು ಎಟಿಪಿ ಆಗಿ ಪರಿವರ್ತಿಸದೆ ಶಾಖವಾಗಿ ಕಳೆಯುತ್ತಿದ್ದುದನ್ನು ಅವರು 1962ರಲ್ಲಿ ಪ್ರಕಟಿಸಿದರು.

1988ರಲ್ಲಿ ಲಂಡನ್ನಿನ ಸಂಶೋಧಕರು ಸ್ನಾಯುರೋಗಿಗಳ ಮೈಟೋಕಾಂಡ್ರಿಯದ ಡಿಎನ್ಎಯಲ್ಲಿ ಕೆಲವು ಭಾಗಗಳೇ ಇಲ್ಲದಿರುವುದನ್ನು ಕಂಡುಹಿಡಿದರು. ಅದೇ ವರ್ಷ ಅಮೆರಿಕದ ಡಗ್ಲಸ್ ವ್ಯಾಲೇಸ್ ಅವರ ತಂಡವು, ಮುಖ್ಯವಾಗಿ ಯುವಕರಲ್ಲಿ ಹಠಾತ್ತನೆ ದೃಷ್ಟಿ ಕಳೆಯುವ ಲೀಬರ್ ರೋಗಕ್ಕೆ ಈ ಡಿಎನ್ಎಯ ಒಂದು ಅಕ್ಷರದ ಬದಲಾವಣೆ ಕಾರಣವೆಂದು ತೋರಿಸಿತು. ಈ ರೋಗಗಳ ಆಧುನಿಕ ಸಂಶೋಧನೆಗೆ ಈ ಎರಡು ಆವಿಷ್ಕಾರಗಳೇ ತಳಹದಿಯಾದವು.

5. ತಾಯಿಯ ತಪ್ಪಲ್ಲ

ಮಗುವಿಗೆ ಮೈಟೋಕಾಂಡ್ರಿಯವು ತಾಯಿಯ ಅಂಡಾಣುವಿನಿಂದ ಬರುತ್ತದೆ. ತಂದೆಯ ವೀರ್ಯಾಣುವಿನ ಮೈಟೋಕಾಂಡ್ರಿಯವು ಗರ್ಭಧಾರಣೆಯ ನಂತರ ನಾಶವಾಗುತ್ತದೆ. ಆದ್ದರಿಂದ ಮೈಟೋಕಾಂಡ್ರಿಯದ ಡಿಎನ್ಎಯ ದೋಷವನ್ನು ಹೊತ್ತ ಪುರುಷರು ತಾವು ರೋಗಕ್ಕೆ ಒಳಗಾಗಬಹುದಾದರೂ ಅದನ್ನು ಮಕ್ಕಳಿಗೆ ದಾಟಿಸುವುದಿಲ್ಲ. ಮೇಲಿನ ಉದಾಹರಣೆಯಲ್ಲಿ ಸೋದರಮಾವನ ಮಕ್ಕಳಿಗೆ ಆತನಿಂದ ಈ ದೋಷ ಬರುವುದಿಲ್ಲ.

ಈ ಅಂಶವನ್ನು ತಪ್ಪಾಗಿ ಗ್ರಹಿಸಿ, ಮಗುವಿನ ಕಾಯಿಲೆಗೆ ತಾಯಿಯನ್ನೇ ಹೊಣೆ ಮಾಡುವ ಪ್ರವೃತ್ತಿ ಕಂಡುಬರುತ್ತದೆ. ಇದು ವೈಜ್ಞಾನಿಕವಾಗಿ ಸರಿಯಲ್ಲ. ತತ್ಸಂಬಂಧ ಈ ಕೆಳಕಂಡ ಅಂಶಗಳನ್ನು ಗಮನಿಸಬೇಕು:

(ಅ) ತಾಯಿಯ ಆಹಾರ, ನಡವಳಿಕೆ ಅಥವಾ ಗರ್ಭಿಣಿಯಾಗಿದ್ದಾಗ ಮಾಡಿದ ಯಾವುದೇ ಕೆಲಸದಿಂದ ಈ ವಂಶವಾಹಿ ದೋಷ ಉಂಟಾಗುವುದಿಲ್ಲ. ಆಕೆಯೂ ಅದನ್ನು ತನ್ನ ತಾಯಿಯಿಂದ ಅರಿವಿಲ್ಲದೆ ಪಡೆದಿರುತ್ತಾಳೆ, ಇಲ್ಲವೇ ದೋಷವು ಹೊಸದಾಗಿ ಉಂಟಾಗಿರುತ್ತದೆ.

(ಆ) ಮಕ್ಕಳಲ್ಲಿ ಕಂಡುಬರುವ ಮೈಟೋಕಾಂಡ್ರಿಯ ರೋಗಗಳಲ್ಲಿ ಹೆಚ್ಚಿನವು ಕೋಶಕೇಂದ್ರದ ವಂಶವಾಹಿಗಳ ದೋಷದಿಂದ ಬರುತ್ತವೆ. ಇವುಗಳ ಪೈಕಿ ಬಹುಪಾಲು ರೋಗಗಳಲ್ಲಿ ತಂದೆ ಮತ್ತು ತಾಯಿ ಇಬ್ಬರಿಂದಲೂ ದೋಷಯುಕ್ತ ಪ್ರತಿ ಬಂದಾಗ ಮಾತ್ರ ಮಗುವಿಗೆ ರೋಗ ಬರುತ್ತದೆ. ಅಂತಹ ದಂಪತಿಗಳ ಪ್ರತಿ ಗರ್ಭಧಾರಣೆಯಲ್ಲಿಯೂ ರೋಗದ ಸಂಭವ ಶೇ. 25ರಷ್ಟಿರುತ್ತದೆ. ಸೋದರಮಾವ ಅಥವಾ ಸೋದರತ್ತೆಯ ಮಕ್ಕಳಂತಹ ಹತ್ತಿರದ ಸಂಬಂಧದಲ್ಲಿ ವಿವಾಹವಾದಾಗ ಇಬ್ಬರಲ್ಲಿಯೂ ಒಂದೇ ದೋಷವಿರುವ ಸಂಭವ ಹೆಚ್ಚು. ನಮ್ಮ ರಾಜ್ಯದ ಹಲವು ಸಮುದಾಯಗಳಲ್ಲಿ ಇಂತಹ ವಿವಾಹಗಳು ರೂಢಿಯಲ್ಲಿರುವುದರಿಂದ ಈ ವಿಷಯವನ್ನು ತಳಿ ಸಲಹೆಗಾರರ ಗಮನಕ್ಕೆ ತರಬೇಕು.

(ಇ) ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬರು ಆರೋಗ್ಯವಾಗಿದ್ದು ಮತ್ತೊಬ್ಬರು ತೀವ್ರ ರೋಗಿಯಾಗಿರಬಹುದು. ಪ್ರತಿ ಜೀವಕೋಶದಲ್ಲಿಯೂ ಮೈಟೋಕಾಂಡ್ರಿಯದ ಡಿಎನ್ಎಯ ನೂರಾರು ಇಲ್ಲವೇ ಸಾವಿರಾರು ಪ್ರತಿಗಳಿದ್ದು, ಅವುಗಳಲ್ಲಿ ಸರಿಯಾದವು ಮತ್ತು ದೋಷಯುಕ್ತವಾದವು ಬೆರೆತಿರುತ್ತವೆ. ದೋಷಯುಕ್ತ ಪ್ರತಿಗಳ ಪಾಲು ಒಂದು ಮಿತಿಯನ್ನು, ಅಂದರೆ ಸಾಮಾನ್ಯವಾಗಿ ಶೇ. 60ರಿಂದ 90ರಷ್ಟನ್ನು, ಮೀರಿದಾಗ ರೋಗಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಯಾವ ಅಂಡಾಣುವಿಗೆ ಎಷ್ಟು ಪಾಲು ಹೋಗುತ್ತದೆ ಎಂಬುದು ಯಾರ ಹಿಡಿತದಲ್ಲಿಯೂ ಇಲ್ಲ.

6. ಎರಡನೆಯ ಗೋಷ್ಠಿ: ರೋಗನಿರ್ಣಯ

ವೈದ್ಯರ ಪಾಲ್ಗೊಳ್ಳುವಿಕೆ ಹೆಚ್ಚಾಗಿರುವುದು ಈ ಭಾಗದಲ್ಲಿ. ಮೈಟೋಕಾಂಡ್ರಿಯ ರೋಗವನ್ನು ಶಂಕಿಸಬೇಕಾದ ಮುಖ್ಯ ಸನ್ನಿವೇಶವೆಂದರೆ, ಪರಸ್ಪರ ಸಂಬಂಧವಿಲ್ಲದಂತೆ ತೋರುವ ಎರಡು ಮೂರು ಅಂಗಗಳ ತೊಂದರೆ ಒಬ್ಬರಲ್ಲಿಯೇ ಅಥವಾ ತಾಯಿಯ ಕಡೆಯ ಸಂಬಂಧಿಕರಲ್ಲಿ ಕಂಡುಬರುವುದು. ಕಣ್ಣಿನ ರೆಪ್ಪೆ ಜೋತು ಬೀಳುವುದು, ಸ್ವಲ್ಪ ಶ್ರಮಕ್ಕೂ ಸ್ನಾಯು ಸೋಲುವುದು, ಚಿಕ್ಕ ವಯಸ್ಸಿನ ಪಾರ್ಶ್ವವಾಯು, ಮೂರ್ಛೆರೋಗ, ಮಧುಮೇಹದೊಡನೆ ಕಿವುಡುತನ, ಮಗು ಕಲಿತಿದ್ದ ನಡೆ ನುಡಿಗಳನ್ನು ಜ್ವರದ ನಂತರ ಮರೆಯುವುದು ಇವು ಅಂತಹ ಲಕ್ಷಣಗಳು. ಇವುಗಳಲ್ಲಿ ಪ್ರತಿಯೊಂದಕ್ಕೂ ಬೇರೆ ಸಾಮಾನ್ಯ ಕಾರಣಗಳೂ ಇರುವುದರಿಂದ ಒಂದೇ ಲಕ್ಷಣವನ್ನು ನೋಡಿ ಗಾಬರಿಗೊಳ್ಳಬಾರದು.

ರಕ್ತದಲ್ಲಿ ಲ್ಯಾಕ್ಟೇಟ್ ಪ್ರಮಾಣ, ಮೆದುಳಿನ ಎಂಆರ್‌ಐ, ಸ್ನಾಯುವಿನ ತುಣುಕಿನ ಪರೀಕ್ಷೆ, ಕಿಣ್ವಗಳ ಪರೀಕ್ಷೆ ಇವು ಬಹುಕಾಲದಿಂದ ಬಳಕೆಯಲ್ಲಿವೆ. ಇತ್ತೀಚಿನ ವರ್ಷಗಳಲ್ಲಿ ವಂಶವಾಹಿಗಳ ಸಮಗ್ರ ಪರೀಕ್ಷೆಯು ಮೊದಲ ಹಂತದಲ್ಲಿಯೇ ಕೈಗೊಳ್ಳುವ ಪರೀಕ್ಷೆಯಾಗುತ್ತಿದ್ದು, ಅನೇಕ ರೋಗಿಗಳಿಗೆ ಸ್ನಾಯುವಿನ ತುಣುಕು ತೆಗೆಯುವ ಅಗತ್ಯ ತಪ್ಪಿದೆ. ಯಾವ ಮಾದರಿಯನ್ನು ಪರೀಕ್ಷಿಸಬೇಕು ಎಂಬುದೂ ಮುಖ್ಯ. ಉದಾಹರಣೆಗೆ, 3243ನೆಯ ಸ್ಥಾನದ ಬದಲಾವಣೆಯ ಪ್ರಮಾಣವು ವಯಸ್ಸಾದಂತೆ ರಕ್ತದಲ್ಲಿ ಇಳಿಯುವುದರಿಂದ ವಯಸ್ಕರಲ್ಲಿ ಮೂತ್ರದ ಮಾದರಿಯು ಹೆಚ್ಚು ಉಪಯುಕ್ತ.

7. ಔಷಧಗಳ ವಿಷಯದಲ್ಲಿ ಎಚ್ಚರಿಕೆ

ರೋಗವನ್ನು ಮೊದಲೇ ತಿಳಿಯುವುದರಿಂದ ಪ್ರಯೋಜನವೇನು, ಹೇಗಿದ್ದರೂ ಪೂರ್ಣ ಚಿಕಿತ್ಸೆ ಇಲ್ಲವಲ್ಲ ಎಂದು ಕೆಲವರು ಕೇಳುತ್ತಾರೆ. ಇದಕ್ಕೆ ಉತ್ತರವಾಗಿ ಎರಡು ಸಂಗತಿಗಳನ್ನು ತಿಳಿಸಬಹುದು.

ಮೊದಲನೆಯದಾಗಿ, ಮೈಟೋಕಾಂಡ್ರಿಯದ ಡಿಎನ್ಎಯ 1555ನೆಯ ಸ್ಥಾನದಲ್ಲಿ ಬದಲಾವಣೆ ಇರುವವರಿಗೆ ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್, ಅಮಿಕಾಸಿನ್, ಕಾನಾಮೈಸಿನ್ ಗುಂಪಿನ ಚುಚ್ಚುಮದ್ದನ್ನು ನೀಡಿದಲ್ಲಿ, ಪ್ರಮಾಣ ಸರಿಯಾಗಿಯೇ ಇದ್ದರೂ ಶಾಶ್ವತ ಕಿವುಡುತನ ಉಂಟಾಗಬಹುದು. ಇದು 1993ರಲ್ಲಿ ತಿಳಿದುಬಂದಿತು. ಯೂರೋಪಿನ ಅಧ್ಯಯನಗಳಲ್ಲಿ ಸುಮಾರು 500 ಜನರಲ್ಲಿ ಒಬ್ಬರಿಗೆ ಈ ಬದಲಾವಣೆ ಇರುವುದು ಕಂಡುಬಂದಿದೆ. ಸೋಂಕು ತಗುಲಿದ ನವಜಾತ ಶಿಶುವಿಗೆ ಸುಮಾರು ಒಂದು ಗಂಟೆಯೊಳಗೆ ಔಷಧ ನೀಡಬೇಕಾಗಿರುವುದರಿಂದ, 26 ನಿಮಿಷಗಳಲ್ಲಿ ಫಲಿತಾಂಶ ನೀಡುವ ವಂಶವಾಹಿ ಪರೀಕ್ಷೆಯೊಂದನ್ನು ಬ್ರಿಟನ್ನಿನ ಮ್ಯಾಂಚೆಸ್ಟರಿನಲ್ಲಿ ಅಭಿವೃದ್ಧಿಪಡಿಸಿ ಅದರ ಫಲಿತಾಂಶವನ್ನು 2022ರಲ್ಲಿ ಪ್ರಕಟಿಸಲಾಯಿತು. ಈ ಔಷಧಗಳು ಪ್ರಾಣ ಉಳಿಸುವ ಔಷಧಗಳಾಗಿದ್ದು, ಸಾರ್ವಜನಿಕರು ಅವುಗಳನ್ನು ನಿರಾಕರಿಸಬೇಕೆಂಬುದು ಇದರ ಅರ್ಥವಲ್ಲ. ಕುಟುಂಬದಲ್ಲಿ, ವಿಶೇಷವಾಗಿ ತಾಯಿಯ ಕಡೆಯಲ್ಲಿ, ಚುಚ್ಚುಮದ್ದಿನ ನಂತರ ಯಾರಿಗಾದರೂ ಕಿವಿ ಕೇಳಿಸದಂತಾಗಿದ್ದರೆ ಆ ಸಂಗತಿಯನ್ನು ವೈದ್ಯರಿಗೆ ಮುಂಚಿತವಾಗಿ ತಿಳಿಸಬೇಕು. ಹಾಗೆ ತಿಳಿಸಿದಲ್ಲಿ ವೈದ್ಯರು ಬೇರೆ ಔಷಧವನ್ನು ಪರಿಗಣಿಸಲು ಅವಕಾಶವಾಗುತ್ತದೆ.

ಎರಡನೆಯದಾಗಿ, ಮೂರ್ಛೆರೋಗಕ್ಕೆ ಸಾಮಾನ್ಯವಾಗಿ ಬಳಸುವ ಸೋಡಿಯಂ ವಾಲ್‌ಪ್ರೋಯೇಟ್ ಎಂಬ ಔಷಧವು, ‘ಪೋಲ್‌ಜಿ’ ಎಂಬ ವಂಶವಾಹಿಯ ದೋಷದಿಂದ ಮೈಟೋಕಾಂಡ್ರಿಯ ರೋಗ ಬಂದಿರುವವರಲ್ಲಿ ಯಕೃತ್ತಿನ ಮಾರಣಾಂತಿಕ ವೈಫಲ್ಯಕ್ಕೆ ಕಾರಣವಾಗಬಹುದು. ಅಂತಹವರಿಗೆ ಈ ಔಷಧವನ್ನು ನೀಡುವಂತಿಲ್ಲ. ಆದರೆ ಇತರ ಅಸಂಖ್ಯಾತ ಮೂರ್ಛೆರೋಗಿಗಳಿಗೆ ಇದು ಪರಿಣಾಮಕಾರಿ ಔಷಧವಾಗಿರುವುದರಿಂದ, ಈಗಾಗಲೇ ಸೇವಿಸುತ್ತಿರುವವರು ವೈದ್ಯರ ಸಲಹೆಯಿಲ್ಲದೆ ಯಾವುದೇ ಕಾರಣಕ್ಕೂ ನಿಲ್ಲಿಸಬಾರದು.

ಹೀಗೆ ಒಂದು ಕಾಗದದ ಮೇಲೆ ಬರೆದ ಸರಿಯಾದ ರೋಗನಿರ್ಣಯವು ಒಂದು ಕಿವಿಯನ್ನು, ಕೆಲವೊಮ್ಮೆ ಒಂದು ಪ್ರಾಣವನ್ನು ಉಳಿಸಬಲ್ಲದು.

8. ಮಧ್ಯಾಹ್ನದ ಗೋಷ್ಠಿ: ಚಿಕಿತ್ಸೆ ಮತ್ತು ಹೊಸ ಸಂಶೋಧನೆ

ಬಹುತೇಕ ಮೈಟೋಕಾಂಡ್ರಿಯ ರೋಗಗಳನ್ನು ಪೂರ್ಣವಾಗಿ ಗುಣಪಡಿಸುವ ಚಿಕಿತ್ಸೆ ಇನ್ನೂ ಲಭ್ಯವಿಲ್ಲ. ಆದರೆ ತೊಂದರೆಗಳನ್ನು ನಿರ್ವಹಿಸಲು ಸಾಧ್ಯವಿದೆ. ಶ್ರವಣ ಸಾಧನ, ಹೃದಯಬಡಿತದ ಲೋಪಕ್ಕೆ ಪೇಸ್‌ಮೇಕರ್, ಮಧುಮೇಹ ಮತ್ತು ಮೂರ್ಛೆರೋಗಕ್ಕೆ ಸೂಕ್ತ ಔಷಧ, ತಜ್ಞರ ಮಾರ್ಗದರ್ಶನದಲ್ಲಿ ಮಿತವಾದ ವ್ಯಾಯಾಮ ಇವುಗಳಿಂದ ಅನೇಕರ ಜೀವನ ಸುಧಾರಿಸಿದೆ. ದೀರ್ಘ ಉಪವಾಸವನ್ನು ತಪ್ಪಿಸಬೇಕು. ಜ್ವರ, ವಾಂತಿ ಕಾಣಿಸಿಕೊಂಡಾಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಕೆಲವು ನಿರ್ದಿಷ್ಟ ರೋಗಗಳಿಗೆ ಔಷಧಗಳು ಬರಲಾರಂಭಿಸಿವೆ. ಲೀಬರ್ ದೃಷ್ಟಿರೋಗಕ್ಕೆ ಐಡೆಬೆನೋನ್ ಎಂಬ ಔಷಧಕ್ಕೆ 2015ರಲ್ಲಿ ಯೂರೋಪಿಯನ್ ಒಕ್ಕೂಟದಲ್ಲಿ ಅನುಮತಿ ನೀಡಲಾಯಿತು. ಹೃದಯ ಮತ್ತು ಸ್ನಾಯುವನ್ನು ಬಾಧಿಸುವ ಬಾರ್ತ್ ರೋಗಕ್ಕೆ ಎಲಾಮಿಪ್ರೆಟೈಡ್ ಎಂಬ ಔಷಧಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2025ರಲ್ಲಿ ಷರತ್ತುಬದ್ಧ ಅನುಮತಿ ನೀಡಿತು.

ಮೈಟೋಕಾಂಡ್ರಿಯ ದಾನ ಎಂಬ ವಿಧಾನವು ಹೆಚ್ಚು ಚರ್ಚೆಗೆ ಒಳಗಾಗಿದೆ. ಇದರಲ್ಲಿ ತಾಯಿ ಮತ್ತು ತಂದೆಯ ಕೋಶಕೇಂದ್ರದ ಡಿಎನ್ಎಯನ್ನು, ಆರೋಗ್ಯವಂತ ದಾನಿಯ ಕೋಶಕೇಂದ್ರ ತೆಗೆದ ಅಂಡಾಣುವಿಗೆ ವರ್ಗಾಯಿಸಲಾಗುತ್ತದೆ. ಬ್ರಿಟನ್ನಿನ ಸಂಸತ್ತು 2015ರಲ್ಲಿ ಇದಕ್ಕೆ ಕಾನೂನಿನ ಮಾನ್ಯತೆ ನೀಡಿತು. ಈ ವಿಧಾನದಿಂದ ಎಂಟು ಶಿಶುಗಳು ಜನಿಸಿರುವುದನ್ನು ನ್ಯೂಕಾಸಲ್‌ನ ತಂಡವು 2025ರ ಜುಲೈ ತಿಂಗಳಿನಲ್ಲಿ ವರದಿ ಮಾಡಿತು. ಶಿಶುಗಳಲ್ಲಿ ದೋಷಯುಕ್ತ ಡಿಎನ್ಎಯು ಪತ್ತೆಯಾಗದಷ್ಟು ಅಥವಾ ರೋಗ ಉಂಟುಮಾಡದಷ್ಟು ಕಡಿಮೆ ಪ್ರಮಾಣದಲ್ಲಿತ್ತು. ದಾನಿಯಿಂದ ಬರುವುದು 37 ವಂಶವಾಹಿಗಳು ಮಾತ್ರ. ಸುಮಾರು 20,000 ಪ್ರೋಟೀನ್ ವಂಶವಾಹಿಗಳನ್ನು ಹೊಂದಿರುವ ಕೋಶಕೇಂದ್ರದ ಡಿಎನ್ಎ ಹೆತ್ತವರದೇ ಆಗಿರುವುದರಿಂದ ‘ಮೂವರು ಪೋಷಕರ ಮಗು’ ಎಂಬ ಪ್ರಚಾರವು ತಪ್ಪು ಕಲ್ಪನೆಗೆ ಎಡೆಮಾಡುತ್ತದೆ. ಆದಾಗ್ಯೂ ಮಕ್ಕಳ ಮುಂದಿನ ಬೆಳವಣಿಗೆಯನ್ನು ದೀರ್ಘಕಾಲ ಗಮನಿಸಬೇಕಾಗಿದೆ.

ಮಾರುಕಟ್ಟೆಯಲ್ಲಿ ‘ಮೈಟೋಕಾಂಡ್ರಿಯದ ಶಕ್ತಿ ಹೆಚ್ಚಿಸುತ್ತದೆ’ ಎಂಬ ಹೆಸರಿನಲ್ಲಿ ದುಬಾರಿ ಮಾತ್ರೆ ಮತ್ತು ಪುಡಿಗಳ ಜಾಹೀರಾತುಗಳು ಬರುತ್ತಿವೆ. ವಂಶವಾಹಿ ದೋಷದಿಂದ ಬಂದ ರೋಗವನ್ನು ಇಂತಹ ಉತ್ಪನ್ನಗಳು ಗುಣಪಡಿಸುವುದಿಲ್ಲ. ಕೋಎನ್ಜೈಮ್ ಕ್ಯೂ-10ರ ಕೊರತೆಯಂತಹ ಕೆಲವು ರೋಗಗಳಲ್ಲಿ ಮಾತ್ರ ವೈದ್ಯರು ನಿರ್ದಿಷ್ಟ ಪೂರಕವನ್ನು ಸೂಚಿಸುತ್ತಾರೆ.

9. ಕೊನೆಯ ಗೋಷ್ಠಿ: ಕುಟುಂಬದವರೊಂದಿಗೆ ಸಂವಾದ

ಅಮೆರಿಕದಲ್ಲಿ 1996ರಲ್ಲಿ ಸ್ಥಾಪನೆಯಾದ ಯುನೈಟೆಡ್ ಮೈಟೋಕಾಂಡ್ರಿಯಲ್ ಡಿಸೀಸ್ ಫೌಂಡೇಶನ್ ಸಂಸ್ಥೆಯು ವಿಜ್ಞಾನಿಗಳನ್ನೂ ಕುಟುಂಬಗಳನ್ನೂ ಒಂದೆಡೆ ಸೇರಿಸುವ ವಾರ್ಷಿಕ ಸಮಾವೇಶವನ್ನು ನಡೆಸಿಕೊಂಡು ಬಂದಿದೆ. ಅನೇಕ ಸಭೆಗಳಲ್ಲಿ ಈಗ ಇದೇ ಕ್ರಮವನ್ನು ಅನುಸರಿಸಲಾಗುತ್ತಿದೆ. ಪ್ರಯೋಗಾಲಯದಲ್ಲಿ ಕಾಣದ ಸಂಗತಿಗಳು, ಅಂದರೆ ಮಗು ದಿನದ ಯಾವ ವೇಳೆಯಲ್ಲಿ ಹೆಚ್ಚು ಬಳಲುತ್ತದೆ, ಯಾವ ಔಷಧದ ನಂತರ ಸ್ಥಿತಿ ಕೆಟ್ಟಿತು ಎಂಬ ವಿವರಗಳು ತಂದೆ ತಾಯಿಯರಿಂದಲೇ ದೊರೆಯುತ್ತವೆ.

10. ನಮ್ಮ ರಾಜ್ಯದಲ್ಲಿನ ಸೌಲಭ್ಯ

ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಲ್ಲಿ (ನಿಮ್ಹಾನ್ಸ್) ನರ ಮತ್ತು ಸ್ನಾಯು ರೋಗಗಳ ತಪಾಸಣೆ ನಡೆಯುತ್ತಿದ್ದು, ಮೈಟೋಕಾಂಡ್ರಿಯ ರೋಗಗಳ ಬಗ್ಗೆಯೂ ಅಲ್ಲಿ ಸಂಶೋಧನೆ ನಡೆದಿದೆ. ಕೇಂದ್ರ ಸರ್ಕಾರದ ಅಪರೂಪದ ರೋಗಗಳ ರಾಷ್ಟ್ರೀಯ ನೀತಿ, 2021ರ ಅಡಿಯಲ್ಲಿ ಬೆಂಗಳೂರಿನ ಮಾನವ ತಳಿಶಾಸ್ತ್ರ ಕೇಂದ್ರವನ್ನು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೊಂದಿಗೆ ಉತ್ಕೃಷ್ಟತಾ ಕೇಂದ್ರವೆಂದು ಗುರುತಿಸಲಾಗಿದೆ. ನೀತಿಯಲ್ಲಿ ನಮೂದಿಸಿರುವ ರೋಗಗಳಿಗೆ ಇಂತಹ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿಗಳವರೆಗೆ ಆರ್ಥಿಕ ನೆರವು ನೀಡಲು 2022ರಲ್ಲಿ ಅವಕಾಶ ಕಲ್ಪಿಸಲಾಯಿತು. ನಿರ್ದಿಷ್ಟ ರೋಗಕ್ಕೆ ನೆರವು ಅನ್ವಯಿಸುತ್ತದೆಯೇ ಎಂಬುದನ್ನು ಸದರಿ ಕೇಂದ್ರದಲ್ಲಿಯೇ ವಿಚಾರಿಸುವುದು ಸೂಕ್ತ.

11. ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

(1) ಕುಟುಂಬದ ಮೂರು ತಲೆಮಾರುಗಳ ಆರೋಗ್ಯ ವಿವರವನ್ನು ಬರೆದಿಡಬೇಕು. ತಾಯಿಯ ಕಡೆಯವರಲ್ಲಿ ಕಿವುಡುತನ, ಮಧುಮೇಹ, ಮೂರ್ಛೆ, ಹೃದ್ರೋಗ, ದೃಷ್ಟಿದೋಷ ಅಥವಾ ಎಳೆಯ ಮಕ್ಕಳ ಮರಣ ಇದ್ದಲ್ಲಿ ವಯಸ್ಸಿನೊಂದಿಗೆ ನಮೂದಿಸಬೇಕು.

(2) ಬೇರೆ ಬೇರೆ ಆಸ್ಪತ್ರೆಗಳ ವರದಿಗಳನ್ನು ದಿನಾಂಕವಾರು ಒಂದೇ ಕಡತದಲ್ಲಿ ಇರಿಸಿ, ಪ್ರತಿ ಭೇಟಿಯಲ್ಲಿಯೂ ಪೂರ್ಣ ಕಡತವನ್ನು ವೈದ್ಯರಿಗೆ ತೋರಿಸಬೇಕು.

(3) ರೋಗ ದೃಢಪಟ್ಟಿದ್ದಲ್ಲಿ ರೋಗದ ಹೆಸರು ಮತ್ತು ನೀಡಬಾರದ ಔಷಧಗಳ ಪಟ್ಟಿಯನ್ನು ವೈದ್ಯರಿಂದ ಬರೆಸಿಕೊಂಡು ಸದಾ ಜೊತೆಯಲ್ಲಿ ಇಟ್ಟುಕೊಳ್ಳಬೇಕು. ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ತಜ್ಞರಿಗೆ ತಿಳಿಸಬೇಕು.

(4) ಮುಂದಿನ ಗರ್ಭಧಾರಣೆಗೆ ಮುನ್ನ ದಂಪತಿಗಳಿಬ್ಬರೂ ತಳಿ ಸಲಹೆ ಪಡೆಯಬೇಕು. ಸಲಹೆಗೆ ಪತ್ನಿಯನ್ನು ಮಾತ್ರ ಕಳುಹಿಸುವುದು ಸರಿಯಲ್ಲ.

ಉಪಸಂಹಾರ

ಮೇಲಿನ ಉದಾಹರಣೆಯ ಕುಟುಂಬದಲ್ಲಿ ಮೊಮ್ಮಗನ ರೋಗವನ್ನು ಗುರುತಿಸಿದ ದಿನವೇ ಅಜ್ಜಿಯ ಕಿವುಡುತನಕ್ಕೂ, ತಾಯಿಯ ಮಧುಮೇಹಕ್ಕೂ, ಸೋದರಮಾವನ ನಿಶ್ಶಕ್ತಿಗೂ ಕಾರಣ ತಿಳಿದುಬರುತ್ತದೆ. ಅವರೆಲ್ಲರ ಹೃದಯ ತಪಾಸಣೆಯನ್ನು ಮುಂಚಿತವಾಗಿಯೇ ಮಾಡಿಸಬಹುದು. ಮಧುಮೇಹಕ್ಕೆ ಯಾವ ಔಷಧ ಸೂಕ್ತ ಎಂಬುದನ್ನು ತಜ್ಞರು ಮರುಪರಿಶೀಲಿಸಬಹುದು. ಮೊಮ್ಮಗನ ತಂಗಿಯು ಮುಂದೆ ತಾಯಿಯಾಗಲು ಬಯಸಿದಾಗ ಅವಳಿಗೆ ಸರಿಯಾದ ಸಲಹೆ ದೊರೆಯುತ್ತದೆ. ನಾಲ್ಕು ಕಡತಗಳು ಒಂದಾಗುವುದರಿಂದ ಇಷ್ಟು ಪ್ರಯೋಜನಗಳಿವೆ. ವೈಜ್ಞಾನಿಕ ಸಭೆಯು ತಜ್ಞರ ನಡುವೆ ಮಾಡುವ ಈ ಜೋಡಣೆಯ ಕಾರ್ಯವನ್ನು ಕುಟುಂಬದವರು ತಮ್ಮ ಮನೆಯಲ್ಲಿಯೇ ಆರಂಭಿಸಿದಲ್ಲಿ ವೈದ್ಯರಿಗೆ ಅತ್ಯಂತ ಸಹಾಯಕವಾಗುತ್ತದೆ. ಪ್ರತಿ ವರ್ಷ ಸೆಪ್ಟೆಂಬರ್ ತಿಂಗಳಿನಲ್ಲಿ ವಿಶ್ವ ಮೈಟೋಕಾಂಡ್ರಿಯ ರೋಗ ಸಪ್ತಾಹವನ್ನು ಆಚರಿಸಲಾಗುತ್ತಿದ್ದು, ಆ ಸಂದರ್ಭದಲ್ಲಿ ನಡೆಯುವ ಉಪನ್ಯಾಸ ಮತ್ತು ಸಭೆಗಳ ಸದುಪಯೋಗವನ್ನು ಸಾರ್ವಜನಿಕರು ಪಡೆದುಕೊಳ್ಳಬಹುದಾಗಿದೆ.